ಅರವತ್ತನಾಲ್ಕು ಪಾತ್ರೆ, ಹತ್ತು ಸಾವಿರ ಪೀಂ

ಭದ್ರಾವತಿ ಕಾಗದನಗರದ ನಮ್ಮ ಮಹಿಳಾ ಸಂಘದಲ್ಲಿ ಅರವತ್ತನಾಲ್ಕು ಪಾತ್ರೆಗಳಿವೆ. ಕೊಳಗ, ತಪಲೆ, ಬಾಣಲೆ, ಸಾರಿನ ಬಕೆಟ್ಟು. ರಿಟೈರಾದವರು, ಕ್ವಾರ್ಟರ್ಸ್ ಬಿಟ್ಟು ಹೋದವರು, ಒಬ್ಬೊಬ್ಬರೂ ಒಂದೊಂದಕ್ಕೆ ಮನೆಯವರ ಹೆಸರು ಹಾಕಿಸಿ ಸಂಘಕ್ಕೆ ಕೊಟ್ಟದ್ದು. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಬಂದವರಿಗೆ ಕೊಡುತ್ತೇವೆ. ಆ ಕೋಣೆಯ ಬೀಗದ ಕೈ ಹದಿನೇಳು ವರ್ಷದಿಂದ ನನ್ನ ಸೊಂಟದಲ್ಲಿದೆ. ಯಾವುದು ಯಾರ ಮನೆಗೆ ಹೋಗಿದೆ ಅಂತ ನಾನು ಬರೆದಿಟ್ಟವಳಲ್ಲ. ಬರೆಯಲು ಬಾರದೆ ಅಲ್ಲ, ಬೇಕಾಗಿರಲಿಲ್ಲ. ನಮ್ಮಲ್ಲಿ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಒಳಗೆ ನಾಲ್ಕು ಲಾಡು ಇರುತ್ತದೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ತಿಂದದ್ದು ಮರೆಯುತ್ತದೆಯೇ?

ನನ್ನ ಮಗಳ ಮಗಳು ಸಂಘಮಿತ್ರಾ, ವಿನೋಬನಗರದಲ್ಲಿರುವವಳು, ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದುತ್ತಿದ್ದಳು. ಅದೇನು ಓದು ಅಂದರೆ, ಒಂದು ಸಂಸ್ಥೆಯಲ್ಲಿ ಯಾವ ಮಾಹಿತಿ ಯಾರ ಹತ್ತಿರ ಇದೆ, ಅದು ಬೇಕಾದವರಿಗೆ ಬೇಕಾದ ಹೊತ್ತಿಗೆ ಹೇಗೆ ತಲುಪಬೇಕು, ಅದಕ್ಕೆ ಕಂಪ್ಯೂಟರಿನಲ್ಲಿ ಏನು ಏರ್ಪಾಟು ಮಾಡಬೇಕು ಅನ್ನುವುದನ್ನು ಕಲಿಸುತ್ತಾರಂತೆ. ಆ ಕಾಲೇಜಿನಲ್ಲಿ ಪರೀಕ್ಷೆ ಯಾವತ್ತು ಅಂತ ತಿಳಿಯಬೇಕಾದರೆ ಮಾತ್ರ ಕ್ಯಾಂಟೀನಿನವನನ್ನು ಕೇಳಬೇಕು.

ಕೊನೆಯಲ್ಲಿ ಒಂದು ಪ್ರಾಜೆಕ್ಟು. ಯಾವುದಾದರೂ ಸಂಸ್ಥೆಗೆ ಇಂಥ ಏರ್ಪಾಟು ಮಾಡಿಕೊಡಬೇಕು, ಅವರು ಮೂರು ತಿಂಗಳು ಬಳಸಬೇಕು, ಹೊರಗಿನಿಂದ ಎಕ್ಸಾಮಿನರ್ ಬಂದು ನೋಡಿ ಅಂಕ ಹಾಕಬೇಕು. ಸೇರುವವರು ಇಲ್ಲ ಅಂತ ಮುಂದಿನ ವರ್ಷದಿಂದ ಆ ಕೋರ್ಸೇ ಮುಚ್ಚುತ್ತಿತ್ತು. ಈ ಸಲ ಫೇಲಾದರೆ ಮತ್ತೆ ಕಟ್ಟುವ ಹಾಗಿಲ್ಲ. ಎರಡು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಲೇಜಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟು ರೆಡಿಮೇಡ್ ಸಿಗುತ್ತದಂತೆ. ಹೆಸರು ಬದಲಾಯಿಸಿದರೆ ಆಯಿತು. ಅವಳ ಜೊತೆಯ ಹುಡುಗನೊಬ್ಬ ಆಸ್ಪತ್ರೆಯದನ್ನು ತಂದು ದೇವಸ್ಥಾನದ್ದು ಮಾಡಿದ. ಭಕ್ತರನ್ನು ಡಿಸ್ಚಾರ್ಜ್ ಮಾಡಿದ ತಾರೀಖು ಅಂತ ಒಂದು ಕಾಲಂ ಹಾಗೇ ಉಳಿದಿತ್ತು, ಯಾರೂ ಕೇಳಲಿಲ್ಲ. ಸಂಘಮಿತ್ರಾ ಮಾತ್ರ, "ನಾನು ನಿಜವಾಗಿ ಮಾಡ್ತೀನಿ ಅಜ್ಜಿ, ನಿಮ್ಮ ಪಾತ್ರೆ ಕೋಣೆಗೆ," ಅಂದಳು.

"ಮಾಡು ಮಾರಾಯ್ತಿ. ಪಾತ್ರೆ ಏನು ಬೇಡ ಅನ್ನುತ್ತಾ?" ಅಂದೆ.

ಮೊದಲನೇ ಭಾನುವಾರ ಅಧ್ಯಕ್ಷೆ ಪದ್ಮಮ್ಮ, ಪಾತ್ರೆ ತೊಳೆಯುವ ಹೂವಮ್ಮ, ಲಿಂಗಪ್ಪನ ಹೆಸರಲ್ಲಿ ಕೊಳಗ ಕೊಟ್ಟ ಅವನ ಹೆಂಡತಿ ಯಲ್ಲಮ್ಮ, ಎಲ್ಲರನ್ನೂ ಕೂರಿಸಿ ಪ್ರಶ್ನೆ ಕೇಳಿದಳು. ಇಪ್ಪತ್ತೆಂಟು ಪ್ರಶ್ನೆ. ಯಾವುದೋ ಪುಸ್ತಕದಿಂದ ಇಳಿಸಿಕೊಂಡದ್ದು.

"ಈ ಸಂಸ್ಥೆಯ ಐದು ವರ್ಷದ ಗುರಿ ಏನು?"

"ಬದುಕಿರೋದು," ಅಂದಳು ಹೂವಮ್ಮ.

ಪದ್ಮಮ್ಮ ಅವಳನ್ನು ಗದರಿಸಿ, "ಬರ್ಕೋ ಮಗಳೇ, ಇಡ್ಲಿ ಸ್ಟ್ಯಾಂಡು," ಅಂದರು.

ಮುಂದಿನ ವಾರ ಸಂಘಮಿತ್ರಾ ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಅಚ್ಚು ಮಾಡಿಸಿದ ಚೀಟಿ ತಂದಳು. ಕಪ್ಪು ಗೆರೆ, ಕೆಳಗೆ ಪಾತ್ರೆ ಕೊಟ್ಟವರ ಹೆಸರು. ಪಾತ್ರೆಗೆ ಅಂಟಿಸುವುದು, ಸಂಘದ ಫೋನು ಹಿಡಿದರೆ ಪೀಂ ಅನ್ನುತ್ತದೆ. ಒಂದು ಸಲ ಪೀಂ ಅಂದರೆ ಪಾತ್ರೆ ಹೊರಗೆ ಹೋಯಿತು, ಪರದೆ ಮೇಲೆ ಕೆಂಪು. ಇನ್ನೊಂದು ಸಲ ಅಂದರೆ ವಾಪಸು ಬಂತು, ಹಸಿರು. ಅವಳು ಮಾಡಿ ತೋರಿಸಿದಳು. ನಾವು ಚಪ್ಪಾಳೆ ತಟ್ಟಿದೆವು. ಅವಳು ಬಸ್ಸು ಹತ್ತಿದಳು.

ಮೊದಲನೇ ಚೀಟಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವಾಗ ಕಿತ್ತು ಬಂತು. ಎರಡನೆಯದು ಒಲೆ ಮೇಲೆ ಸುಟ್ಟಿತು. ಹೂವಮ್ಮ ಅಳುಮುಖ ಮಾಡಿಕೊಂಡು ಬಂದಳು, "ಮಗು ಅಷ್ಟು ಕಷ್ಟಪಟ್ಟು ಮಾಡಿದೆ, ನನ್ನ ಕೈಯಲ್ಲಿ ಹಾಳಾಗ್ತಿದೆಯಲ್ಲ ಅಕ್ಕ." ಪದ್ಮಮ್ಮ ತೀರ್ಮಾನ ಮಾಡಿದರು. ಉಳಿದ ಚೀಟಿಗಳನ್ನೆಲ್ಲ ಜೋಪಾನವಾಗಿ ಬಿಡಿಸಿ, ಹಾಳಾದ ಎರಡು ಚೀಟಿಯನ್ನು ಮತ್ತೆ ಅಚ್ಚು ಮಾಡಿಸಿ ತರಿಸಿ, ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಅಂಟಿಸಿದೆವು. ಮೇಲೆ ಅರಿಶಿನ ಕುಂಕುಮ. ಪಾತ್ರೆ ಹೋದಾಗ ಪುಸ್ತಕದಲ್ಲಿ ಪೀಂ ಅನ್ನಿಸಿದರಾಯಿತು.

ಒಂದು ದಿನ ನಾನು ಲಿಂಗಪ್ಪನ ಕೊಳಗಕ್ಕೆ ಪೀಂ ಅನ್ನಿಸಿದೆ. ಪಕ್ಕದಲ್ಲಿ ಕರಿಬಸಮ್ಮ ಕೂತಿದ್ದಳು. ಅವಳ ಯಜಮಾನರ ಹೆಸರು ಅದೇ ಪುಟದಲ್ಲಿ ಕೆಳಗಿತ್ತು.

"ನಮ್ಮವರದ್ದಕ್ಕೆ ಮಾಡಲ್ವಾ?"

"ನಿಮ್ಮ ಬಾಣಲೆ ಹೊರಗೆ ಹೋಗಿಲ್ವಲ್ಲೇ."

"ಹೋಗದಿದ್ದರೆ ಹೆಸರೇ ಇಲ್ವಾ? ಹೋದವರ ಹೆಸರು ಅಂತ ಕೊಟ್ಟಿದ್ದು ನಾನು."

ಇದು ನನಗೂ ಸರಿ ಅನ್ನಿಸಿತು. ಹತ್ತು ಜನ ಮುತ್ತೈದೆಯರು ಕೂತಿರುವಾಗ ಒಬ್ಬಳಿಗೆ ಕುಂಕುಮ ಕೊಟ್ಟು ಒಂಬತ್ತು ಜನರನ್ನು ಬಿಡುತ್ತಾರೆಯೇ? ಪದ್ಮಮ್ಮ ಮತ್ತೆ ತೀರ್ಮಾನ ಮಾಡಿದರು: ಬೆಳಿಗ್ಗೆ ಬೀಗ ತೆಗೆದ ಕೂಡಲೇ ಎಲ್ಲರ ಹೆಸರಿಗೂ. ಕೆಂಪಿನಲ್ಲಿ ಬಿಟ್ಟರೆ ಮನೆಗೆ ಒಳ್ಳೆಯದಲ್ಲ, ಹಾಗಾಗಿ ತಲಾ ಎರಡು ಸಲ. ದಿನವೂ ನೂರ ಇಪ್ಪತ್ತೆಂಟು ಪೀಂ. ಭಕ್ತಿಯಿಂದ ಮಾಡಿದೆವು, ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ದಿನವಿಡೀ ಪಾತ್ರೆ ಹೋಗಿ ಬರುವಾಗ ಫೋನು ಮುಟ್ಟಲಿಲ್ಲ. ಬೆಳಿಗ್ಗೆಯೇ ಆಗಿತ್ತಲ್ಲ.

ಫೋನಿನ ಲೆಕ್ಕ ನೇರ ಕಾಲೇಜಿಗೇ ಹೋಗುತ್ತಿತ್ತಂತೆ, ಅಲ್ಲಿ ಹಬ್ಬವಾಯಿತು. ಎಂಬತ್ತು ದಿನಕ್ಕೆ ಹತ್ತು ಸಾವಿರದ ಇನ್ನೂರ ನಲವತ್ತು ವ್ಯವಹಾರ. ಅವಳ ಗೈಡು ಪ್ರಕಾಶ್ ಸರ್ ಗ್ರಾಫನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದರು. ಒಂದು ಪಾತ್ರೆ ಹೊರಗೆ ಹೋಗಿ ಕೆಲಸ ಮುಗಿಸಿ ಬರಲು ಸರಾಸರಿ ನಾಲ್ಕು ಸೆಕೆಂಡು. "ಇಂಥ ದಕ್ಷತೆ ನಾನು ಎಲ್ಲೂ ನೋಡಿಲ್ಲ," ಅಂದರಂತೆ.

ಸಂಘಮಿತ್ರಾಗೆ ನಾಲ್ಕು ಸೆಕೆಂಡಿನಲ್ಲಿ ಯಾರ ಮದುವೆ ಮುಗಿಯುತ್ತದೆ ಅಂತ ಅನುಮಾನ ಬಂತು. ಎಕ್ಸಾಮಿನರ್ ಬರುವ ಹಿಂದಿನ ವಾರ ಬೆಳಿಗ್ಗೆಯೇ ಭದ್ರಾವತಿಗೆ ಬಂದು ಬಾಗಿಲಲ್ಲಿ ನಿಂತಳು. ನಾವು ಸಾಲಾಗಿ ಕೂತು ಪೀಂ, ಪೀಂ ಅನ್ನಿಸುತ್ತಿದ್ದೆವು. ಯಲ್ಲಮ್ಮ ಊದುಬತ್ತಿ ಹಚ್ಚಿದ್ದಳು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಗೋಡೆಗೆ ಒರಗಿ ಕೂತು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಪ್ರಕಾಶ್ ಸರ್‌ಗೆ ಫೋನು ಮಾಡಿದಳು. ಅವರ ದನಿ ನನಗೂ ಕೇಳಿಸಿತು. "ಏನೂ ಮುಟ್ಟಬೇಡ ಮಾರಾಯ್ತಿ! ಗ್ರಾಫು ಮೇಲಕ್ಕೆ ಹೋಗ್ತಿದೆ. ಮೇಲಕ್ಕೆ ಹೋಗೋ ಗ್ರಾಫನ್ನ ಯಾರಾದರೂ ಯಾಕೆ ಅಂತ ಕೇಳ್ತಾರಾ?"

"ತಪ್ಪಾಯಿತೇನೇ?" ಅಂತ ಕೇಳಿದೆ.

"ನಿಮ್ಮದಲ್ಲ ಅಜ್ಜಿ," ಅಂದಳು. ಆ ವಾರ ಅವಳು ಮನೆಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಪಾತ್ರೆ ಕೇಳಲು ಬಂದವರನ್ನೂ ತಂದುಕೊಟ್ಟವರನ್ನೂ ಸುಮ್ಮನೆ ನೋಡಿದಳು, ಬರೆದುಕೊಂಡಳು.

ಎಕ್ಸಾಮಿನರ್ ಭೈರಪ್ಪ ಸರ್ ಬೇರೆ ಜಿಲ್ಲೆಯವರು. ಗುರುವಾರ ಮಧ್ಯಾಹ್ನ ಪ್ರಕಾಶ್ ಸರ್ ಜೊತೆ ಕಾರಿನಲ್ಲಿ ಬಂದರು. ಎಳನೀರು ಕುಡಿದು, ಪ್ರಕಾಶ್ ಸರ್ ತಂದ ಗ್ರಾಫು ನೋಡಿ ತಲೆದೂಗಿ, ಫೋನಿನ ಪರದೆ ನೋಡಿದರು. ಅರವತ್ತನಾಲ್ಕೂ ಹಸಿರು.

"ಎಲ್ಲಾ ಒಳಗಿವೆ. ಭೇಷ್. ಎಲ್ಲಿ, ಒಂದು ಸಲ ನೋಡೋಣ," ಅಂತ ಎದ್ದರು. ಅದೇ ದಿನ ದೊಡ್ಡದೊಂದು ಮದುವೆ. ಕೋಣೆಯಲ್ಲಿ ಇದ್ದದ್ದು ಎರಡು ತಪಲೆ, ಲೆಕ್ಕಕ್ಕಿಲ್ಲದ ಒಂದು ಸೌಟು.

ಭೈರಪ್ಪ ಸರ್ ಬರಿದಾದ ಅಟ್ಟ ನೋಡಿದರು, ಪರದೆ ನೋಡಿದರು. "ಪಾತ್ರೆಗಳೆಲ್ಲಿ?"

"ಸರ್, ಈಗ ಎಲ್ಲಾ ಕ್ಲೌಡ್‌ನಲ್ಲೇ ಇರುತ್ತೆ," ಅಂದರು ಪ್ರಕಾಶ್ ಸರ್.

"ಲಿಂಗಪ್ಪನ ಕೊಳಗಾನೂ?" ಅಂತ ಹೂವಮ್ಮ ಬಾಗಿಲಿಗೆ ಬಂದು ಆಕಾಶ ನೋಡಿದಳು.

ಸಂಘಮಿತ್ರಾ ಮುಂದೆ ಬಂದಳು. "ಸರ್, ಆ ಹತ್ತು ಸಾವಿರದಲ್ಲಿ ಒಂದೂ ನಿಜ ಅಲ್ಲ. ಯಾರ ಹೆಸರಿಗೂ ಅವಮಾನ ಆಗಬಾರದು ಅಂತ ಇವರು ದಿನಾ ಎಲ್ಲದಕ್ಕೂ ಮಾಡಿದ್ದಾರೆ. ನನ್ನ ಏರ್ಪಾಟು ಕೆಲಸ ಮಾಡಿಲ್ಲ. ಯಾಕೆ ಮಾಡಿಲ್ಲ ಅಂತ ಹೊಸ ಅಧ್ಯಾಯ ಬರೆದಿದ್ದೀನಿ. ವರದಿಯಿಂದ ಗ್ರಾಫು ತೆಗೆದುಹಾಕಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಪಾತ್ರೆ ಎಲ್ಲಿವೆ ಹೇಳಿ," ಅಂದಳು.

ಹೇಳಿದೆ. ಐವತ್ತೊಂಬತ್ತು ಮದುವೆ ಮನೆಯಲ್ಲಿ. ಎರಡು ಧನಲಕ್ಷ್ಮಿಯ ಮೊಮ್ಮಗನ ನಾಮಕರಣಕ್ಕೆ. ಎರಡು ಇಲ್ಲೇ. ಒಂದು ತೂತು ಬಿದ್ದು ಬೆಸುಗೆಗೆ ಹೋಗಿದೆ. ಭೈರಪ್ಪ ಸರ್ ಲೆಕ್ಕ ಕೂಡಿಸಿ, ಅನುಮಾನಕ್ಕೆ ಬೆಸುಗೆಯವನಿಗೆ ಫೋನೂ ಮಾಡಿದರು. ಸರಿಯಿತ್ತು.

ಆಮೇಲೆ ಅವರು ಕುರ್ಚಿಯಲ್ಲಿ ಕೂತು ಫಾರಂ ತೆಗೆದು ಬೇಸರದಿಂದ ನೋಡಿದರು. "ನೋಡಮ್ಮ, ಇಲ್ಲಿ ಎರಡೇ ಚೌಕ. ಯಶಸ್ವಿ. ಅತ್ಯಂತ ಯಶಸ್ವಿ. ನೀನು ಹೇಳಿದ್ದಕ್ಕೆ ಚೌಕ ಇಲ್ಲ. ಆ ಅಧ್ಯಾಯ ತೆಗೆದುಬಿಡು, ಗ್ರಾಫು ವಾಪಸು ಹಾಕು, ತೊಂಬತ್ತು ಕೊಡ್ತೀನಿ."

ಪ್ರಕಾಶ್ ಸರ್ ಆಗಲೇ ಗ್ರಾಫಿನ ಹಾಳೆ ಚಾಚಿದ್ದರು. ಪದ್ಮಮ್ಮ ನನ್ನ ಕೈ ಹಿಡಿದುಕೊಂಡರು. ಕೋರ್ಸು ಮುಚ್ಚುವುದು ಎಲ್ಲರಿಗೂ ಗೊತ್ತಿತ್ತು.

"ಬೇಡ ಸರ್," ಅಂದಳು ಸಂಘಮಿತ್ರಾ. "ಈ ಅಧ್ಯಾಯಕ್ಕೆ ಎಷ್ಟು ಬರುತ್ತೋ ಅಷ್ಟು ಕೊಡಿ. ಫೇಲಾದರೆ ಫೇಲು."

"ಫೇಲು ಮಾಡೋದು ಸುಲಭ ಅಂದ್ಕೊಂಡ್ಯಾ? ಐವತ್ತಕ್ಕಿಂತ ಕಡಿಮೆ ಹಾಕಿದರೆ ನಾನು ಮೂರು ಪ್ರತಿಯಲ್ಲಿ ಕಾರಣ ಬರೀಬೇಕು. ಸಮಿತಿ ಕರೀತಾರೆ. ನನಗೆ ಐದೂವರೆಗೆ ರೈಲಿದೆ." ಗಡಿಯಾರ ನೋಡಿದರು. ಅಧ್ಯಾಯದ ಎರಡು ಪುಟ ಓದಿದರು, ಮೂರನೆಯದನ್ನೂ ಓದಿದರು. ಪೆನ್ನು ತೆಗೆದು ಐವತ್ತು ಅಂತ ಬರೆದರು.

"ಅಯ್ಯೋ ಸ್ವಾಮಿ," ಅಂದಳು ಹೂವಮ್ಮ, "ಮುಯ್ಯಿ ಕೊಡುವಾಗ ಸೊನ್ನೆಯಲ್ಲಿ ನಿಲ್ಲಿಸ್ತಾರಾ?"

ಭೈರಪ್ಪ ಸರ್ ಒಂದು ಕ್ಷಣ ಅವಳನ್ನು ನೋಡಿ, ಸೊನ್ನೆಯನ್ನು ತಿದ್ದಿ ಒಂದು ಮಾಡಿ, ಪಕ್ಕದಲ್ಲಿ ಸಹಿ ಹಾಕಿದರು.

ಕಾರು ಹತ್ತುವಾಗ ಪ್ರಕಾಶ್ ಸರ್ ತಡೆಯಲಾರದೆ, "ತೊಂಬತ್ತು ಕೈಗೆ ಬಂದಿತ್ತಲ್ಲೇ," ಅಂದರು.

"ಅದು ಇವರ ಪೀಂ ಪೀಂಗೆ ಬಂದದ್ದು ಸರ್. ಐವತ್ತೊಂದು ನಂದು."

ಅಷ್ಟರಲ್ಲಿ ಮದುವೆ ಮನೆಯ ಲಗೇಜ್ ಆಟೋ ಪಾತ್ರೆ ಹೊತ್ತು ಬಂತು. ಅವಳು ದುಪಟ್ಟಾ ಸೊಂಟಕ್ಕೆ ಕಟ್ಟಿ, ಮಸಿ ಹಿಡಿದ ಕೊಳಗದ ಒಂದು ಹಿಡಿಕೆ ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ.