ಹದಿನೈದು ನಿಮಿಷಕ್ಕೊಂದು ಮಗ್ಗುಲು

ಹೇಳಿಬಿಡಬೇಕು, ಫರಹತಾಬಾದ ದಾಟುವುದರೊಳಗೆ ಹೇಳಿಬಿಡಬೇಕು ಎಂದುಕೊಳ್ಳುತ್ತ ಅಜಯಕುಮಾರ ಹಿಂದಕ್ಕೆ ಬಗ್ಗಿಸಿದ ಕಾರಿನ ಸೀಟಿನಲ್ಲಿ ಎಡಕ್ಕೆ ಹೊರಳಿದ.

ಹನ್ನೊಂದೂ ಇಪ್ಪತ್ತಕ್ಕೆ ಕಲಬುರಗಿಯ ಆಸ್ಪತ್ರೆಯಲ್ಲಿ ಸಣ್ಣ ನಳಿಗೆಯೊಂದರಿಂದ ಅವನ ಮೂತ್ರಚೀಲಕ್ಕೆ ಔಷಧ ಬಿಟ್ಟಿದ್ದರು. ಕೂಸುಗಳ ತೋಳಿಗೆ ಚುಚ್ಚುವ ಕ್ಷಯದ ಲಸಿಕೆಯ ಜಾತಿಯದೇ. ಬಡಕಲು ಮಾಡಿದ ಜೀವಂತ ಕ್ರಿಮಿಗಳು. ಅವು ಒಳಗೆ ಗಲಾಟೆ ಎಬ್ಬಿಸಬೇಕು, ಗಲಾಟೆ ಕೇಳಿ ಮೈಯೊಳಗಿನ ಪೊಲೀಸರು ಓಡಿ ಬರಬೇಕು, ಬಂದವರು ಅಲ್ಲೇ ಅಡಗಿದ ನಿಜವಾದ ಕಳ್ಳನನ್ನೂ ಹಿಡಿಯಬೇಕು. ಡಾಕ್ಟರರು ಹೇಳಿದ ಕತೆ ಇಷ್ಟು. ಪೊಲೀಸರು ಕ್ಲೈಮ್ಯಾಕ್ಸ್ ಮುಗಿದ ಮೇಲೆಯೇ ಬರುವುದು ಎಂದು ಅಜಯಕುಮಾರನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಿದ್ದ.

ಎರಡು ತಾಸು ಉಚ್ಚೆ ಹೊಯ್ಯುವಂತಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು, ಔಷಧ ಎಲ್ಲ ಗೋಡೆಗಳಿಗೂ ತಾಗಬೇಕು. ಆಮೇಲೆ ಕೂತು ಹೊಯ್ದು, ಸಂಡಾಸಿಗೆ ಬ್ಲೀಚ್ ಸುರಿದು, ಹದಿನೈದು ನಿಮಿಷ ಬಿಟ್ಟು ನೀರು ಹಾಕಬೇಕು. ವಾರಕ್ಕೊಮ್ಮೆ, ಆರು ವಾರ.

"ಆರಂಭದಾಗೇ ಸಿಕ್ಕದರಿ, ಅದೇ ಚಲೋದು," ಎಂದಿದ್ದಳು ನರ್ಸ್. "ಮನ್ಯಾಗ ಯಾರಿಗಿ ಗೊತ್ತದ?"

"ಎಲ್ಲಾರಿಗೂ."

"ಹಂಗಾರ ಮುಂದಿನ ವಾರ ಒಬ್ಬರನ್ನ ಕರಕೊಂಡ ಬರ್ರಿ. ಜ್ವರ ಬಂದ್ರ ಏನ ಮಾಡಬೇಕಂತ ಅವರಿಗಿ ತಿಳಿಸಬೇಕು. ಒಬ್ಬರೇ ಬಂದ್ರ ವಾಪಸ್ ಕಳಸ್ತೇನಿ ನೋಡ್ರಿ."

ಯಾರಿಗೂ ಗೊತ್ತಿರಲಿಲ್ಲ. ಉಚ್ಚೆಯಲ್ಲಿ ರಕ್ತ ಬಿದ್ದಾಗ ಉಷ್ಣ ಎಂದಿದ್ದ. ಹೋದ ತಿಂಗಳ ಆಪರೇಶನ್ನಿಗೆ ಹರಳು ಎಂದಿದ್ದ. ಹರಳಾದರೆ ನಗಬಹುದು.

ಅವನು ಜೇವರ್ಗಿಯ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಶಾಲೆ-ಕಾಲೇಜುಗಳ ಗ್ಯಾದರಿಂಗುಗಳಿಗೆ, ನಿವೃತ್ತಿ ಸಮಾರಂಭಗಳಿಗೆ ಅವನು ಬೇಕಾಗುತ್ತಿದ್ದದ್ದು ರಾಜ್ಯಶಾಸ್ತ್ರಕ್ಕಲ್ಲ. ಕೈಗೆ ಮೈಕು ಕೊಟ್ಟರೆ ಸಾಕು, ಸಿನಿಮಾದ ಖಳನಾಯಕ, ವಿಧವೆ ತಾಯಿ, ಪ್ರಾಮಾಣಿಕ ಇನ್ಸ್‌ಪೆಕ್ಟರ್, ದಿಕ್ಕು ತಪ್ಪಿದ ತಮ್ಮ, ಎಲ್ಲರೂ ಅವನ ಗಂಟಲಿನಿಂದ ಸಾಲುಗಟ್ಟಿ ಇಳಿಯುತ್ತಿದ್ದರು. ಮೈಕು ಇಲ್ಲದಾಗಲೂ ಇಳಿಯುತ್ತಿದ್ದರು. ತರಕಾರಿ ಕೊಳ್ಳುವಾಗ ಒಬ್ಬ, ಹಾಜರಿ ಕರೆಯುವಾಗ ಒಬ್ಬ, ಹೆಂಡತಿಯ ಪಕ್ಕ ಮಲಗಿದಾಗ ಇನ್ನೊಬ್ಬ.

"ಜಾವೀದ, ಒಂದು ಮಾತ ಹೇಳೋದದ."

ಕಾರು ನಡೆಸುತ್ತಿದ್ದ ಜಾವೀದ ಶಾಲೆಯ ಐದನೆಯ ಇಯತ್ತೆಯಿಂದ ಗೆಳೆಯ. ಜೇವರ್ಗಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ಇಂದು ಹರಳಿನ ಔಷಧಕ್ಕೆ ಎಂದು ನಂಬಿಯೇ ಬಂದು, ಆಸ್ಪತ್ರೆಯ ಹೊರಗೆ ಕಾರಿನಲ್ಲೇ ಕಾದಿದ್ದ.

"ಹೇಳಲೇ."

ಅಜಯಕುಮಾರ ಬಾಯಿ ತೆರೆದ. ಬಂದದ್ದು ಖಳನಾಯಕನ ಗೊಗ್ಗರು ದನಿ. "ಹರಳಲ್ಲ ತಮ್ಮಾ! ಒಳಗ ಕುಂತಾಂವ ಕ್ಯಾನ್ಸರ್! ಬಾಡಿಗಿ ಕೊಡಂಗಿಲ್ಲ, ಮನೀ ಬಿಡಂಗಿಲ್ಲ!"

ಹಾಗೆ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ.

ಜಾವೀದ ಸ್ಟಿಯರಿಂಗ್ ಬಡಿದು ನಕ್ಕ. ಕಾರು ಒಂದು ಸಲ ತೂರಾಡಿತು. "ಯಾ ಅಲ್ಲಾ! ಉಚ್ಚಿ ತಡಕೊಂಡು ಡೈಲಾಗ್ ಹೊಡಿಯಾಕತ್ತಾನ ಮಗ!"

"ಖರೇ ಅದ. ರಿಪೋರ್ಟ್ ನೋಡು."

ಜಾವೀದ ಒಂದು ಕಣ್ಣು ರಸ್ತೆಯ ಮೇಲಿಟ್ಟು ಇನ್ನೊಂದನ್ನು ಫೈಲಿನ ಮೇಲೆ ಹಾಯಿಸಿದ. ಮುಖದ ನಗು ಹೋಯಿತು. ಅಂತೂ ನಂಬಿದ ಎಂದುಕೊಂಡ ಅಜಯಕುಮಾರ.

"ಫಾಂಟ್ ಮಸ್ತ್ ಕುಂತದ," ಎಂದ ಜಾವೀದ. "ಆಸ್ಪತ್ರಿ ಸಿಕ್ಕಾನೂ ಹೊಡಿಸಿದಿ. ಯಾವನ ಕಡಿ ಮಾಡಿಸಿದಿ? ನನ್ನ ಅಂಗಡಿ ಇರತಾನ ಹೊರಗ ಹೋಗ್ತಿ, ನಾಚಿಕಿ ಇಲ್ಲ ನಿನಗ."

ಅವನ ತಪ್ಪೂ ಅಲ್ಲ. ಹೋದ ವರ್ಷ ನೆರೆಮನೆಯ ಗುರಣ್ಣ ಬಸ್ ಕಂಡಕ್ಟರಿಕೆಯಿಂದ ನಿವೃತ್ತನಾದ ದಿನ ಇದೇ ಇಬ್ಬರೂ ಸೇರಿ ಬಸ್‌ಸ್ಟ್ಯಾಂಡಿನೆದುರು ಅವನ ಫೋಟೋದ ಫ್ಲೆಕ್ಸ್ ಕಟ್ಟಿದ್ದರು: ಭಾವಪೂರ್ಣ ಶ್ರದ್ಧಾಂಜಲಿ. ಮಣ್ಣೂರಿನ ಬೀಗರು ಜೀಪು ತುಂಬ ಅಳುತ್ತ ಬಂದಿಳಿದಾಗ ಗುರಣ್ಣ ಅದೇ ಫ್ಲೆಕ್ಸಿನ ನೆರಳಿಗೆ ಕೂತು ಚುರುಮುರಿಯ ಸೂಸಲಾ ತಿನ್ನುತ್ತಿದ್ದ. ಆಮೇಲೆ ಜೇವರ್ಗಿಯಲ್ಲಿ ಅಜಯಕುಮಾರ ಹೇಳಿದ ಕೆಟ್ಟ ಸುದ್ದಿಯನ್ನು ಯಾರೂ ಹೇಳಿದ ಬೆಲೆಗೆ ಕೊಂಡಿಲ್ಲ.

ಕಟ್ಟಿಸಂಗಾವಿ ಸೇತುವೆಯ ಮೇಲೆ ಬಲ ಮಗ್ಗುಲು. ಭೀಮಾ ನದಿ ಕಾಣಲಿಲ್ಲ. ಸೀಟು ಬಗ್ಗಿದ್ದರಿಂದ ಬರೀ ಆಕಾಶ ಕಂಡಿತು, ಅದೂ ಕಿಟಕಿಯ ಅಳತೆಯದು.

ಮನೆಯಲ್ಲಿ ಗುರಣ್ಣ ಸ್ಟೀಲ್ ಡಬ್ಬಿಯಲ್ಲಿ ಹುರಳಿ ಕಟ್ಟು ಹಿಡಿದು ಕೂತಿದ್ದ. ಕಾಯಿಲೆಯವರನ್ನು ಮಾತಾಡಿಸಲು ಬರಿಗೈಲಿ ಬರುವ ಮನುಷ್ಯನಲ್ಲ ಅವನು.

"ಇದ ಕುಡಿ. ಹರಳು ಬಂದೂಕಿನ ಗುಂಡಿನಂಗ ಹೊರಗ ಬರ್ತದ."

"ಇನ್ನಾ ಒಂದು ತಾಸು ಕುಡಿಯಂಗಿಲ್ಲ ಕಾಕಾ."

"ಕುಡೀಬ್ಯಾಡ, ಹೊಯ್ಯಬ್ಯಾಡ! ಇದ್ಯಾವ ಡಾಕ್ಟರ್‌ಕೀ ಅದಪಾ?"

ಅಜಯಕುಮಾರ ಪಡಸಾಲೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದ. ಹೆಂಡತಿ ಮಧುಮತಿ ಮೊಬೈಲಿನಲ್ಲಿ ಟೈಮರ್ ಹಚ್ಚಿಟ್ಟುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಜಾವೀದ ಚಹಾ ಕುಡಿಯುತ್ತ ದಾರಿಯ ಕತೆಯನ್ನು ಪೂರಾ ಅಭಿನಯಿಸಿ ತೋರಿಸಿದ. ಗೊಗ್ಗರು ದನಿ ಅವನಿಗೆ ಒಗ್ಗಲಿಲ್ಲ.

"ಹಂಗಲ್ಲಲೇ," ಎಂದುಬಿಟ್ಟ ಅಜಯಕುಮಾರ, ಮಲಗಿದಲ್ಲಿಂದಲೇ. "ಬಾಡಿಗಿ ಅಂದಾದ ಮ್ಯಾಲ ಉಸಿರ ಹಿಡೀಬೇಕು." ಮತ್ತೆ ಮಾಡಿ ತೋರಿಸಿದ. ಗುರಣ್ಣ ಕೆಮ್ಮು ಬರುವ ತನಕ ನಕ್ಕ. ಆ ಒಂದು ಕ್ಷಣ ಅಜಯಕುಮಾರನಿಗೆ ಎಲ್ಲ ಸರಿಯಿದೆ ಅನಿಸಿತು. ಟೈಮಿಂಗ್ ಚೆನ್ನಾಗಿತ್ತು.

"ಹದಿನೈದು ಆತ್ರಿ. ಹೊರಳ್ರಿ," ಎಂದಳು ಮಧುಮತಿ.

ಹೊರಳಿದ. ನಗು. ಇನ್ನೊಮ್ಮೆ ಹೊರಳಿದ. ಮತ್ತೆ ನಗು, ಏನೂ ಮಾತಾಡದಿದ್ದರೂ.

"ಮಧು, ಜಾವೀದ ಅಂದದ್ದು ಖರೇ ಅದ. ಹರಳಲ್ಲ ಇದು," ಎಂದ. ದನಿ ಅರ್ಧಕ್ಕೆ ನಡುಗಿ, ನಡುಗಿದ ಕೂಡಲೇ ವಿಧವೆ ತಾಯಿ ಬಂದು ಅದನ್ನು ಕೈಗೆತ್ತಿಕೊಂಡಳು. ಕೊನೆಯ ಮಾತು ಬಿಕ್ಕಿನಲ್ಲಿ ಮುಗಿಯಿತು.

"ಸಾಕ್ ಮಾಡ್ರಿ, ಹೊಟ್ಟಿ ನೋಯ್ತದ," ಎಂದು ಮಧುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಥಾದಕ್ಕೆಲ್ಲ ಮಸ್ಕಿರಿ ಮಾಡಬಾರದು."

ಬೋರಲಾಗುವ ಸರದಿ ಬಂತು. ಮುಖ ಚಾಪೆಗೆ ಒತ್ತಿತು. ಒಳಗೆ ಚೀಲ ತುಂಬಿ ಬಿಗಿದಿತ್ತು. ಜಾವೀದ ಮೊಬೈಲ್ ತೆಗೆದು ವಿಡಿಯೋ ಮಾಡಿಕೊಳ್ಳುತ್ತಿದ್ದದ್ದು ಅವನ ಮಾತಿನಿಂದಲೇ ತಿಳಿಯಿತು. "ಹಿಂಗೇ ಇರು, ಹಿಂಗೇ. ಖರೇನೇ ಸತ್ತಾಂವನಂಗ ಕಾಣ್ತಿ."

ಒಂದೂ ಇಪ್ಪತ್ತಕ್ಕೆ ಎದ್ದ. ಕಾಲು ಜೋಡಿಸಿ ಹೆಜ್ಜೆ ಇಡುತ್ತ ಸಂಡಾಸಿಗೆ ಹೋಗಿ ಚಿಲಕ ಹಾಕಿ ಕೂತ. ಮೊದಲ ಹನಿಗೇ ಮೆಣಸಿನಪುಡಿ ಸವರಿದಂತಾಯಿತು. ಹಲ್ಲು ಕಚ್ಚಿ ಎರಡು ತಾಸನ್ನೂ ಹೊರಗೆ ಬಿಟ್ಟ. ಬಾಟಲಿಯ ಬ್ಲೀಚನ್ನು ಒಮ್ಮೆಲೇ ಸುರಿದ. ಇನ್ನು ಹದಿನೈದು ನಿಮಿಷ ಕಾಯಬೇಕು. ನಾಲ್ಕು ಗೋಡೆ, ಒಂದು ಬಕೆಟ್ಟು. ಮುಖ ನೋಡುವವರು ಯಾರೂ ಇಲ್ಲ.

"ಮಧು," ಎಂದ. "ನನಗ ಕ್ಯಾನ್ಸರ್ ಆಗ್ಯದ. ಮುಂದಿನ ವಾರ ನೀ ನನ್ನ ಜೋಡಿ ಬರಬೇಕು."

ದನಿ ತೆಳ್ಳಗಿತ್ತು. ಸ್ವಲ್ಪ ಮೂಗಿನಿಂದ ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ. ಅದನ್ನು ಅವನೇ ಎಲ್ಲೂ ಕೇಳಿರಲಿಲ್ಲ.

ಹೊರಗೆ ನಗು ನಿಂತಿತು. ಚಹಾದ ಕಪ್ಪು ನೆಲಕ್ಕಿಟ್ಟ ಸದ್ದಾಯಿತು.

"ಯಾರದಲೇ ಇದು?" ಎಂದ ಗುರಣ್ಣ.

"ತಡೀರಿ ಕಾಕಾ, ತಡೀರಿ," ಎಂದ ಜಾವೀದ. "ಹಳೇ ಪಿಚ್ಚರ್‌ದಾಗ ಪೋಸ್ಟ್‌ಮ್ಯಾನ್ ಆಗಿ ಬರ್ತಿದ್ನಲ್ಲ, ಸಣಕಲ, ಅಂವಂದು?"

"ಏ, ಅಂವಂದು ದಪ್ಪ ದನಿ. ಇದು ಗುಮಾಸ್ತಂದು ಅನಸ್ತದ."

"ಇದು ಹೊಸಾದದ." ಮಧುಮತಿಯ ಮಾತು ಬಾಗಿಲಿಗೆ ತೀರ ಹತ್ತಿರ ಬಂದಿತ್ತು. ಅವಳು ನಗುತ್ತಿದ್ದಳೋ ಇಲ್ಲವೋ ಹಲಗೆಯ ಈಚೆಗೆ ತಿಳಿಯುವಂತಿರಲಿಲ್ಲ. "ಹನ್ನೆರಡು ವರ್ಷದಾಗ ಮನ್ಯಾಗ ಎಂದೂ ಮಾಡಿಲ್ಲ ಇದನ್ನ. ಇನ್ನೊಮ್ಮಿ ಮಾಡ್ರಿ."

ಅವನು ಬಾಯಿ ತೆರೆದ. ಘಾಟಿಗೆ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿದಾಗ ಮೊಣಕಾಲಿನ ಮೇಲೆ ನೀಲಿ ಲುಂಗಿಗೆ ಬ್ಲೀಚಿನ ಹನಿ ಸಿಡಿದದ್ದು ಕಂಡಿತು. ಕಾಳಿನಷ್ಟು. ಹೆಬ್ಬೆರಳಿನಿಂದ ಉಜ್ಜಿದ. ಅಗಲವಾಯಿತು. ನೀಲಿ ಎಳೆಯಿಂದ ಎಳೆಗೆ ಸರಿಯುತ್ತ ಬಿಟ್ಟುಹೋಗುತ್ತಿತ್ತು. ಅದರ ಕೆಳಗೆ ಬೇರೆ ಯಾವ ಬಣ್ಣವೂ ಇರಲಿಲ್ಲ.