ಯುರೇನಸ್ಸಿನ ಅಣಬೆ

ವೆಂಡೆಲ್ ಹಾಸ್ಕಿನ್ಸ್ ಹನ್ನೊಂದು ಸಿನಿಮಾಗಳಲ್ಲಿ ಭೂಮಿಯನ್ನು ಹಾಳುಮಾಡಲು ಬಂದಿದ್ದ. ಹನ್ನೊಂದರಲ್ಲೂ ಸತ್ತಿದ್ದ. ಪಾಪ, ಒಂದರಲ್ಲಾದರೂ ಅವನ ಮುಖ ಕಂಡಿದ್ದರೆ ಕೇಳಿ!

ಅಕ್ಕಪಕ್ಕದವರ ಬಾಯಿ ಮುಚ್ಚಿಸಬಹುದು, ಅತ್ತೆ ಹೆಸ್ಟರಮ್ಮನ ಬಾಯಿ ಮುಚ್ಚಿಸುವುದು ಹೇಗೆ? ಬೆಳಗ್ಗೆ ಕಾಫಿ ಕೊಡುವಾಗಲೇ ಶುರು: "ಏನಪ್ಪಾ ಅಳಿಯಾ, ಇವತ್ತು ಯಾವ ಗ್ರಹದಿಂದ ಇಳೀತೀಯ?"

"ಯುರೇನಸ್ಸು, ಅತ್ತೆ. ಅಣಬೆ ಪಾತ್ರ. ಅಣುಬಾಂಬಿನ ಹೊಗೆ ಕುಡಿದು ದೊಡ್ಡದಾಗಿರೋ ಅಣಬೆ."

"ಆ ರಬ್ಬರ್ ವೇಷದೊಳಗೆ ನೀನೇ ಇರ್ತೀಯ ಅನ್ನೋಕೆ ಏನು ಸಾಕ್ಷಿ? ಅಳಿಯ ಸಿನಿಮಾ ನಟ ಅಂತ ಚರ್ಚಿನಲ್ಲಿ ಹೇಳ್ಕೊಂಡು ಓಡಾಡಿದೀನಿ. ಹೆಂಗಸರು ಹಿಂದಿನಿಂದ ಕಿಸಕ್ಕಂತ ನಗ್ತಾರೆ. ಈ ಸಲ ತೆರೆ ಮೇಲೆ ನಿನ್ನನ್ನ ತೋರಿಸು. ಇಲ್ಲಾಂದ್ರೆ ಬೇಕರ್ಸ್‌ಫೀಲ್ಡಿನಲ್ಲಿ ನನ್ನ ತಮ್ಮನ ಅಂಗಡಿ ಇದೆ, ಹೋಗಿ ಕಮೋಡು ಮಾರು."

ತಮಾಷೆಯ ಮಾತಲ್ಲ ಅದು. ತಮ್ಮನಿಗೆ ಕಾಗದ ಬರೆದೂ ಆಗಿತ್ತು. ಹೆಂಡತಿ ಅರ್ಲೀನ್ ಅತ್ತ ತಾಯಿಗೂ ಹೇಳಲಾರದೆ, ಇತ್ತ ಗಂಡನಿಗೂ ಹೇಳಲಾರದೆ ತನ್ನ ಕೊಡೆಯನ್ನು ಅಣಬೆಯ ತಲೆಗೆ ಕೊಟ್ಟಳು, ಬಚ್ಚಲಮನೆಯ ಪರದೆಯನ್ನು ಮೈಗೆ ಕೊಟ್ಟಳು. ಪಾತ್ರೆ ತೊಳೆಯುವ ರಬ್ಬರ್ ಕೈಗವಸಿಗೆ ಬಣ್ಣ ಹೊಡೆದು ಪಂಜ ಮಾಡಿದಳು. ಪ್ರೀತಿ ಅಂದರೆ ಅದೇ ನೋಡಿ.

ಊರಾಚೆಯ ಕಲ್ಲುಗಣಿಯೇ ಯುರೇನಸ್ಸು. ನಿರ್ದೇಶಕ, ನಿರ್ಮಾಪಕ, ಊಟದ ಡಬ್ಬಿ ಹಂಚುವವನು, ಮೂವರೂ ಮಿಲ್ಟ್ ಗ್ರಾಬ್ಲರನೇ. ಅವನದೊಂದೇ ವ್ರತ: ಯಾವ ದೃಶ್ಯವನ್ನೂ ಎರಡನೇ ಸಲ ತೆಗೆಯುವುದಿಲ್ಲ. ನಾಯಕಿ ಎಡವಿ ಬಿದ್ದರೂ ಅದೇ ಕಥೆಯಾಗುತ್ತಿತ್ತು.

ವೆಂಡೆಲ್ ಹೋಗಿ ಬೇಡಿಕೊಂಡ. "ಮಿಲ್ಟ್, ಈ ಸಲ ಹೆಸರಾದ್ರೂ ಹಾಕ್ಸು ಮಾರಾಯ."

"ಹುಚ್ಚೇನಯ್ಯಾ ನಿಂಗೆ? 'ಅಣಬೆ: ವೆಂಡೆಲ್' ಅಂತ ಬರೆದ್ರೆ ಯಾವ ಮಗು ಹೆದರತ್ತೆ? ನಿನ್ನ ಜಾಗಕ್ಕೆ ಪ್ರಶ್ನೆ ಗುರುತು ಹಾಕ್ತೀನಿ. ಜನ ನಡುಗಬೇಕು!"

ಚಿತ್ರೀಕರಣದ ದಿನ ವೇಷದೊಳಗೆ ಬೆವರು ಧಾರಾಕಾರ. ಅಣಬೆ ಎರಡೂ ಕೈಯೆತ್ತಿ ನಾಯಕಿಯ ಮೇಲೆ ಎರಗಿತು, ಅವಳು ಕಿರುಚಿದಳು, ಮಿಲ್ಟ್ "ಸಾಕು, ಮುಂದಿಂದು!" ಅಂದ. ವೆಂಡೆಲ್ಲನಿಗೆ ಅಳು ಬಂದಿತ್ತು. ಮುಖವಾಡದೊಳಗೆ ಅತ್ತರೆ ನೋಡುವವರು ಯಾರು?

ಸಿನಿಮಾ ಬಿಡುಗಡೆಯಾದ ಶನಿವಾರ, ಮಧ್ಯಾಹ್ನದ ಆಟಕ್ಕೆ ಮನೆಯ ಮೂವರೂ ಹೋದರು. ಥಿಯೇಟರ್ ತುಂಬ ಹುಡುಗರು, ಪಾಪ್‌ಕಾರ್ನ್ ಎರಚಾಟ. ಹೆಸರುಗಳು ಬಂದವು. ಅಣಬೆಯ ಮುಂದೆ ಪ್ರಶ್ನೆ ಗುರುತು.

"ಇದೇನಾ ನಿನ್ನ ಹೆಸರು?" ಹೆಸ್ಟರಮ್ಮ ಪಿಸುಗುಟ್ಟಿದಳು. "ಸೋಮವಾರ ಏಳು ಗಂಟೆ ಬಸ್ಸು. ತಿಂಡಿ ನಾನೇ ಕಟ್ಟಿಕೊಡ್ತೀನಿ."

ವೆಂಡೆಲ್ ಕುರ್ಚಿಯಲ್ಲಿ ಕುಗ್ಗಿಹೋದ. ಅರ್ಲೀನ್ ಅವನ ಕೈ ಹಿಡಿದುಕೊಂಡಳು.

ತೆರೆಯ ಮೇಲೆ ಅಣಬೆ ಕೈಯೆತ್ತಿತು. ಬೆವರಿಗೆ ಕೈಗವಸು ಸರ್ರನೆ ಜಾರಿತು. ಯುರೇನಸ್ಸಿನ ಅಣಬೆಯ ಮಣಿಕಟ್ಟಿನಲ್ಲಿ, ಬಂಡಿಯ ಗಾಲಿಯಷ್ಟು ದೊಡ್ಡದಾಗಿ, ಒಂದು ಕೈಗಡಿಯಾರ!

"ಅಣಬೆಗೆ ವಾಚು! ಅಣಬೆಗೆ ವಾಚು!" ಹುಡುಗರು ಕುರ್ಚಿ ಬಡಿದು ನಕ್ಕರು. ವೆಂಡೆಲ್ ಅಂಗಿಯ ತೋಳನ್ನು ಎಳೆದು ಮಣಿಕಟ್ಟು ಮುಚ್ಚಿಕೊಂಡ. ಮದುವೆಯ ದಿನ ಹೆಸ್ಟರಮ್ಮನೇ ತನ್ನ ಕೈಯಾರೆ ಕಟ್ಟಿದ ವಾಚು ಅದು, ತೀರಿಕೊಂಡ ಮಾವನದು. "ಯಾವತ್ತೂ ಬಿಚ್ಚಬೇಡ" ಅಂದಿದ್ದಳು. ಅತ್ತೆಯ ಹೆದರಿಕೆಗೆ ಅವನು ಸ್ನಾನ ಮಾಡುವಾಗಲಷ್ಟೇ ಬಿಚ್ಚುತ್ತಿದ್ದ. ಇನ್ನು ಮಿಲ್ಟ್ ಕೂಡ ಹತ್ತಿರ ಸೇರಿಸುವುದಿಲ್ಲ, ನಟನೆಯ ಕಥೆ ಮುಗೀತು ಅಂದುಕೊಂಡ.

ಪಕ್ಕದಲ್ಲಿ ಅತ್ತೆ ಎದ್ದು ನಿಂತಿದ್ದಳು.

ಕಿತ್ತುಹೋದ ಆ ವಾಚಿನ ಪಟ್ಟಿಗೆ ದಪ್ಪ ದಾರದಲ್ಲಿ ಓರೆ ಹೊಲಿಗೆ ಹಾಕಿದವಳು ಅವಳೇ. ಅಷ್ಟಗಲ ತೆರೆಯ ಮೇಲೆ ಒಂದೊಂದು ಹೊಲಿಗೆಯೂ ಎಣಿಸುವ ಹಾಗೆ ಕಾಣುತ್ತಿತ್ತು.

"ಮುಚ್ರೋ ಬಾಯಿ, ಕೋತಿಗಳಾ!" ಹೆಸ್ಟರಮ್ಮ ಗುಡುಗಿದಳು. "ನನ್ನ ಗಂಡನ ವಾಚು ಅದು! ಒಳಗಿರೋನು ನನ್ನ ಅಳಿಯ! ನಗೋ ಅಂಥದ್ದೇನಿದೆ, ಹೆದರ್ಕೊಳ್ರೋ!"

ಥಿಯೇಟರ್ ತೆಪ್ಪಗಾಯಿತು. ಅಣಬೆಗೆ ಹೆದರದವರು ಹೆಸ್ಟರಮ್ಮನಿಗೆ ಹೆದರಿದರು.

ಆಟ ಮುಗಿದು ಹೊರಗೆ ಬಂದಾಗ ಅವಳ ಕರವಸ್ತ್ರ ಒದ್ದೆಯಾಗಿತ್ತು. ವೆಂಡೆಲ್ ಅಳುಕುತ್ತ ಕೇಳಿದ, "ಅತ್ತೆ, ಸೋಮವಾರ ಏಳು ಗಂಟೆ ಬಸ್ಸು ಅಂದ್ರಲ್ಲ..."

"ಯಾವ ಬಸ್ಸು?" ಹೆಸ್ಟರಮ್ಮ ಅವನ ಕೈ ಹಿಡಿದು, ಆ ಓರೆ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದಳು. "ನಿನ್ನ ಮಾವನವರಿಗೆ ಸಿನಿಮಾ ಅಂದ್ರೆ ಪ್ರಾಣ ಕಣೋ. ಒಂದರಲ್ಲಾದ್ರೂ ಗುಂಪಿನ ಮಧ್ಯೆ ನಿಂತು ತೆರೆ ಮೇಲೆ ಕಾಣಿಸ್ಕೋಬೇಕು ಅಂತಿದ್ರು, ಆಗಲೇ ಇಲ್ಲ. ಮುಂದಿನದರಲ್ಲಿ ಕೈ ಇನ್ನೊಂಚೂರು ಮೇಲೆತ್ತು. ವಾಚಿನ ಮುಳ್ಳು ಸರಿಯಾಗಿ ಕಾಣ್ಲಿಲ್ಲ."