ನೂರರಲ್ಲಿ ಬಿಟ್ಟ ಒಂದು

ರಕ್ತಕ್ಕೆ ಹಾಕಿದ ನೇರಳೆ ಬಣ್ಣ ಇವತ್ತು ಸ್ವಲ್ಪ ಗಾಢವಾಯಿತು, ಹೊಸ ಬಾಟಲಿ, ಎರಡು ನಿಮಿಷ ಮೊದಲೇ ತೊಳೆಯಬೇಕಿತ್ತು — ಅಲ್ಲ, ಬಣ್ಣದ ಮೇಲೆ ತಪ್ಪು ಹೊರಿಸಬೇಡ ಕಣೇ, ಇಪ್ಪತ್ತೆರಡು ವರ್ಷ ಈ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವಳು ನೀನು, ಕಾಣುತ್ತಿರುವುದು ಏನೆಂದು ಗೊತ್ತು, ಬಲಿಯದ ಬಿಳಿ ಕಣಗಳು, ನೂರು ಎಣಿಸಿದರೆ ನಲವತ್ತೊಂದು, ರಕ್ತದ ಕ್ಯಾನ್ಸರು, ಗಾಜಿನ ಅಂಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಬರೆದ ತಮ್ಮನ ಹೆಸರು. ಹೊರಗೆ ಬೆಂಚಿನ ಮೇಲೆ ಕೂತು ನರ್ಸ್ ಹತ್ತಿರ ಹರಟುತ್ತಿದ್ದಾನೆ, ನಮ್ಮಕ್ಕ ಸೊಳ್ಳೆಗಿಂತ ಜಾಸ್ತಿ ರಕ್ತ ಹೀರಿದ್ದಾಳೆ ಸಿಸ್ಟರ್, ಹಾಳಾದವನೇ, ನಗಬೇಡವೋ. ಬಸ್ಸು ಓಡಿಸುವ ಕೈ, ಹನ್ನೊಂದು ವರ್ಷದಿಂದ ಬೆರಳ ಗೆಣ್ಣುಗಳು ಊದಿಕೊಂಡೇ ಇವೆ, ಬೆಳಿಗ್ಗೆ ಗೇರ್ ಹಾಕೋಕೇ ಆಗಲ್ಲ ಅಕ್ಕಾ, ಸಂಧಿವಾತ ಕಣೋ, ಮಾತ್ರೆ ನುಂಗು, ರಕ್ತ ನಾನೇ ನೋಡ್ತೀನಿ, ಬೇರೆ ಯಾರ ಕೈಗೂ ಕೊಡಬೇಡ — ಎಂಥ ಜಂಬ ನನಗೆ, ಬಿಳಿ ಕಣ ಏರಿದಾಗಲೆಲ್ಲ ‘ಊತದಿಂದ’ ಎಂದು ಬರೆದು ಕೈ ತೊಳೆದುಕೊಂಡೆ. ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು, ಊತ ಅಂದ್ರೆ ಬರೀ ಗೆಣ್ಣಿನ ನೋವಲ್ಲಮ್ಮ, ಅದರ ಕೂಗು ಮೂಳೆಯ ಮಜ್ಜೆವರೆಗೂ ಹೋಗುತ್ತೆ, ಅಲ್ಲಿ ತಣ್ಣಗೆ ಮಲಗಿರಬೇಕಾದ ರಕ್ತದ ತಾಯಿಕೋಶಗಳು ಎದ್ದೆದ್ದು ದುಡಿದು ಸೋಲ್ತವೆ, ಎಲ್ಲೋ ಒಂದು ಕೆಟ್ಟಿದ್ದರೆ ಅದು ಮಾತ್ರ ಸೋಲಲ್ಲ, ಆ ಗಲಾಟೆಯಲ್ಲೇ ಬೆಳೀತಾ ಹೋಗುತ್ತೆ, ಎಲ್ಲರಿಗೂ ಹೀಗಾಗಲ್ಲ, ಆದ್ರೂ ಒಂದು ಕಣ್ಣಿಟ್ಟಿರಿ.

ಕಣ್ಣಿಟ್ಟೆನಲ್ಲ, ಹೋದ ವರ್ಷವೇ ಕಂಡಿತ್ತಲ್ಲ, ಒಂದೇ ಒಂದು ಬಲಿಯದ ಕಣ, ದುಂಡಗೆ, ದೊಡ್ಡದು, ನಡುವೆ ಎರಡು ಮಸುಕು ಚುಕ್ಕೆ, ಕಣ ಎಣಿಸುವ ಯಂತ್ರದ ಗುಂಡಿಯ ಮೇಲೆ ನನ್ನ ಬೆರಳು ನಿಂತೇ ಹೋಯಿತು, ಅವನಿಗೆ ಲೈಸೆನ್ಸಿಗೆ ಆರೋಗ್ಯದ ಪತ್ರ ಬೇಕಿತ್ತು, ಬಾಗಿಲಲ್ಲಿ ನಿಂತಿದ್ದ, ಬೇಗ ಕೊಡು ಅಕ್ಕಾ, ಮಧ್ಯಾಹ್ನದ ಡ್ಯೂಟಿ ತಪ್ಪುತ್ತೆ — ಗಾಜನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದೆ, ಅದನ್ನು ಬಿಟ್ಟು ಮುಂದಿನದನ್ನು ಎಣಿಸಿದೆ, ನೂರು ತುಂಬಿತು, ಊತದಿಂದ. ಬೇರೆಯವರ ರಕ್ತವಾಗಿದ್ದರೆ ಬಿದ್ದಂಬೀಳ ಓಡಿಹೋಗಿ ಡಾಕ್ಟರಮ್ಮನಿಗೆ ತೋರಿಸುತ್ತಿದ್ದೆ, ಅಯ್ಯೋ, ನನ್ನ ತಮ್ಮನಿಗೆ ಹಾಗೇನೂ ಆಗಲ್ಲ ಎಂದುಕೊಂಡೆ, ನನ್ನ ತಮ್ಮ ಅಂತಲೇ ಬಿಟ್ಟೆ. ಬಾಗಿಲು ತಟ್ಟುತ್ತಿದ್ದಾನೆ, ಅಕ್ಕಾ, ಅದೇ ಊತ ತಾನೇ, ಬರೆದುಬಿಡು, ಹೊರಡ್ತೀನಿ — ಇಲ್ಲ ಕಣೋ, ಬಾ, ಕೂತ್ಕೋ, ಎನ್ನಬೇಕು, ಒಂದು ವರ್ಷ, ಇಡೀ ಒಂದು ವರ್ಷ ನನ್ನ ಕೈಯಲ್ಲಿತ್ತು, ಗಾಜು ಸರಿಸುತ್ತೇನೆ, ದುಂಡಗೆ, ಇನ್ನಷ್ಟು ಸರಿಸುತ್ತೇನೆ, ಅಲ್ಲೂ, ಈ ತುದಿಗೆ, ಆ ತುದಿಗೆ, ದುಂಡಗೆ, ಎರಡು ಮಸುಕು ಚುಕ್ಕೆ, ಎರಡು ಮಸುಕು ಚುಕ್ಕೆ